ಪಾಟಣದ ಮಠವೂ ಶಾಲೆಯ ಗಣಕವೂ

ನಾಸಿಕವೆಂದೊಡನೆ ಪಂಚವಟಿಯೂ ಔರಂಗಾಬಾದೆಂದೊಡನೆ ಎಲ್ಲೋರದ ಕೈಲಾಸವೂ ಕನ್ನಡ ವಾಚಕರ ನೆನಪಿಗೆ ಬರುವುದು ಸಹಜವಾಗಿದೆ. ಇವುಗಳಲ್ಲಿ ಎರಡನೆಯ ನಗರವು 2023ರಲ್ಲಿ ಛತ್ರಪತಿ ಸಂಭಾಜಿನಗರವೆಂಬ ಹೆಸರನ್ನು ತಳೆಯಿತು. ಈ ಎರಡು ಜಿಲ್ಲೆಗಳ ಎಲ್ಲೆಗಳು ಜಳಗಾಂವ ಜಿಲ್ಲೆಯ ಎಲ್ಲೆಯನ್ನು ಸಮೀಪಿಸುವ ಬೆಟ್ಟಸಾಲಿನ ಬುಡದಲ್ಲಿ, ಚಾಳೀಸಗಾಂವದಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿ, ಪಾಟಣವೆಂಬ ಒಂದು ಹಾಳೂರಿದೆ. ಯಾತ್ರಿಕರು ಅಲ್ಲಿಗೆ ಹೋಗುವುದು ದೇವಿಯ ದರ್ಶನಕ್ಕೆ. ಅರಣ್ಯಪ್ರಿಯರು ಹೋಗುವುದು ಗೌತಾಳಾ ಅಭಯಾರಣ್ಯಕ್ಕೆ. ಆ ಭವಾನೀ ದೇವಾಲಯದ ಒಂದು ಶಿಲಾಶಾಸನವು ಇವೆರಡಕ್ಕಿಂತಲೂ ಬೇರೆಯಾದ ಕಾರಣಕ್ಕಾಗಿ ನಮ್ಮ ಗಮನವನ್ನು ಸೆಳೆಯತಕ್ಕದ್ದಾಗಿದೆ. ಕ್ರಿ.ಶ. 1207ರಲ್ಲಿ ಗಣಿತವನ್ನು ಕಲಿಸುವುದಕ್ಕೆಂದೇ ಒಂದು ಮಠವನ್ನು ಸ್ಥಾಪಿಸಿ, ಅದರ ನಿರ್ವಾಹಕ್ಕೆ ಊರಿನ ಸಂತೆಯಿಂದಲೂ ಗಾಣಗಳಿಂದಲೂ ಉತ್ಪತ್ತಿಯನ್ನು ಗೊತ್ತುಪಡಿಸಿದ ದಾಖಲೆ ಅದು. ಮಾಧ್ಯಮಿಕ ಶಾಲೆಗಳಲ್ಲಿ ಗಣಕಯಂತ್ರದ ಶಿಕ್ಷಣವನ್ನು ಕುರಿತು ನಾಲ್ಕು ದಶಕಗಳಿಂದ ನಡೆದಿರುವ ಚರ್ಚೆಯಲ್ಲಿ ಈ ಶಾಸನವನ್ನು ಯಾರಾದರೂ ಸ್ಮರಿಸಿದುದು ನನ್ನ ಗಮನಕ್ಕೆ ಬಂದಿಲ್ಲ. ಸ್ಮರಿಸಬೇಕಾಗಿತ್ತೆಂಬುದು ಈ ಲೇಖನದ ಅಭಿಪ್ರಾಯ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಯುಕ್ತ. ಹನ್ನೆರಡನೆಯ ಶತಮಾನದ ಜ್ಯೋತಿರ್ಗಣಿತಕ್ಕೂ ಇಂದಿನ ವಿದ್ಯುದ್ಗಣಕಕ್ಕೂ ವಂಶಸಂಬಂಧವನ್ನು ಕಲ್ಪಿಸುವುದು ನನ್ನ ಉದ್ದೇಶವಲ್ಲ. ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂಬ ವಾದದಿಂದ ಇತಿಹಾಸಕ್ಕೆ ಒದಗುವ ಪ್ರಯೋಜನ ಅತ್ಯಲ್ಪ. ಆದರೆ ಒಂದು ಪದದ ಚರಿತ್ರೆ ವಿಚಾರಾರ್ಹವಾಗಿದೆ. ಗಣಕನೆಂದರೆ ಹಿಂದೆ ಒಬ್ಬ ಮನುಷ್ಯ; ಗ್ರಹಗತಿಯನ್ನೋ ಅರಮನೆಯ ಆಯವ್ಯಯವನ್ನೋ ಎಣಿಸುವವನು. ಇಂಗ್ಲಿಷಿನ ಕಂಪ್ಯೂಟರ್ ಎಂಬ ಶಬ್ದವೂ ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಲೆಕ್ಕ ಹಾಕುವ ವೃತ್ತಿಯ ಜನರನ್ನೇ ಹೇಳುತ್ತಿದ್ದಿತು. ಕನ್ನಡವು ಹಳೆಯ ಶಬ್ದಕ್ಕೆ ಯಂತ್ರವನ್ನು ಜೋಡಿಸಿ ಗಣಕಯಂತ್ರವೆಂದಿತು, ಮರಾಠಿಯು ಉಪಸರ್ಗವೊಂದನ್ನು ಸೇರಿಸಿ ಸಂಗಣಕವೆಂದಿತು. ಮನುಷ್ಯನಿಂದ ಯಂತ್ರಕ್ಕೆ ಹೆಸರು ಸರಿದಾಗ ಆ ವಿದ್ಯೆಯನ್ನು ಕಲಿಸುವವನ ಸ್ಥಾನ ಏನಾಯಿತು, ಅವನ ಜೀವನೋಪಾಯ ಯಾರ ಚೀಲದಿಂದ ಬರುತ್ತಿದ್ದಿತು, ಎಷ್ಟು ಕಾಲ ಬರುತ್ತಿದ್ದಿತು ಎಂಬುದೇ ಇಲ್ಲಿಯ ಪ್ರಶ್ನೆ. ಅದನ್ನು ಗೋದಾವರಿಯ ಸೀಮೆಯನ್ನೇ ಮುಖ್ಯವಾಗಿಟ್ಟುಕೊಂಡು ಪರಿಶೀಲಿಸಬಹುದು.

ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಕವಿರಾಜಮಾರ್ಗವು ಹೇಳಿರುವುದು ಸುಪ್ರಸಿದ್ಧ. ಆ ಗೋದಾವರಿ ಹುಟ್ಟುವ ತ್ರ್ಯಂಬಕವು ನಾಸಿಕ ಜಿಲ್ಲೆಯಲ್ಲಿದೆ, ಅದರ ದಡದ ಪೈಠಣವು ಸಂಭಾಜಿನಗರ ಜಿಲ್ಲೆಯಲ್ಲಿದೆ. ರಾಷ್ಟ್ರಕೂಟ ಮೂರನೆಯ ಗೋವಿಂದನ ದಾನಪತ್ರಗಳು ಹೊರಟ ಮಯೂರಖಂಡಿಯನ್ನು ನಾಸಿಕ ಜಿಲ್ಲೆಯ ಬೆಟ್ಟಗಳಲ್ಲಿ ಗುರುತಿಸುವುದು ವಾಡಿಕೆ. ಸಂಭಾಜಿನಗರ ಜಿಲ್ಲೆಯ ಒಂದು ತಾಲೂಕಿನ ಹೆಸರಂತೂ ಕನ್ನಡವೆಂದೇ ಇದೆ. ಪಾಟಣದ ಬೆಟ್ಟವನ್ನು ಹತ್ತಿ ಇಳಿದರೆ ಸಿಕ್ಕುವುದು ಅದೇ ತಾಲೂಕು. ಹೆಸರಿನ ಈ ಸಾಮ್ಯದಿಂದ ಉತ್ಸಾಹಗೊಂಡು ಬಗೆಬಗೆಯ ವ್ಯುತ್ಪತ್ತಿಗಳನ್ನು ಹೇಳಬಹುದಾದರೂ, ಶಾಸನದ ಬೆಂಬಲವಿಲ್ಲದ ಸ್ಥಳನಾಮಚರ್ಚೆಯಲ್ಲಿ ನನಗೆ ವಿಶ್ವಾಸ ಕಡಿಮೆ. ಎಲ್ಲೋರ ರಾಷ್ಟ್ರಕೂಟರದು, ದೇವಗಿರಿ ಸೇವುಣರದು, ಆ ಸೇವುಣರ ಕಾಲದ ಶಾಸನಗಳಲ್ಲಿ ಕನ್ನಡದವು ಬಹುಸಂಖ್ಯೆಯವು. ನಮ್ಮ ವಿಷಯಕ್ಕೆ ಇಷ್ಟು ಆಧಾರ ಸಾಕು.

ನೃಪತುಂಗನ ಆಳಿಕೆಯನ್ನು ಕೊಂಡಾಡಿದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದ ಆದಿಯಲ್ಲಿ ಗಣಿತಕ್ಕೆ ಉಪಯೋಗವಿರುವ ವಿದ್ಯೆಗಳನ್ನು ಎಣಿಸುವಾಗ ವೈದ್ಯ, ವಾಸ್ತು, ಸಂಗೀತಗಳೊಡನೆ ಅಡಿಗೆಯ ಶಾಸ್ತ್ರವನ್ನೂ ಸೇರಿಸಿದ್ದಾನೆ. ಗಣಿತವು ಪಂಚಾಂಗದವರ ಸ್ವತ್ತು ಮಾತ್ರವೆಂಬ ಭಾವನೆ ಒಂಬತ್ತನೆಯ ಶತಮಾನದಲ್ಲಿಯೇ ಇರಲಿಲ್ಲವೆಂದಾಯಿತು. ಆ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದವನ್ನು ರಚಿಸಿದನು. ದಿನಬಳಕೆಯ ಲೆಕ್ಕಗಳಿಗೆ ದೇಶಭಾಷೆಯೇ ಸಾಧನವಾಗಬೇಕೆಂಬುದು ಈ ಇಬ್ಬರೂ ಒಪ್ಪಿದ ತತ್ತ್ವ.

ಗ್ರಂಥಗಳಿದ್ದರೆ ಸಾಲದು, ಕಲಿಸುವ ಸ್ಥಳ ಬೇಕು. ವಿಜಯಪುರ ಜಿಲ್ಲೆಯ ಸಾಲೊಟಗಿಯ ಕ್ರಿ.ಶ. 945ರ ಶಾಸನವು ಇಂಥ ಒಂದು ಸ್ಥಳದ ಆಯವ್ಯಯವನ್ನು ಬಿಚ್ಚಿಡುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಗೆ ನಾನಾ ದೇಶಗಳ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳಿದ್ದವು. ದೀಪದ ಎಣ್ಣೆಗೆ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ ಭೂಮಿ. ಇದಲ್ಲದೆ ಊರಿನವರು ಮದುವೆಗೆ 5, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಮತ್ತೆ ಅದರ ಅರ್ಧ ನಾಣ್ಯಗಳನ್ನು ಶಾಲೆಗೆ ಸಲ್ಲಿಸಬೇಕೆಂಬ ಕಟ್ಟಳೆಯಿತ್ತು. ಕಲಬುರಗಿ ಜಿಲ್ಲೆಯ ನಾಗಾವಿಯ ಕ್ರಿ.ಶ. 1058ರ ಶಾಸನದ ಘಟಿಕಾಸ್ಥಾನದಲ್ಲಿ ವೇದಾಧ್ಯಯನದ 200 ಮತ್ತು ಶಾಸ್ತ್ರಾಧ್ಯಯನದ 52 ವಿದ್ಯಾರ್ಥಿಗಳಿಗೆ ಉಪಾಧ್ಯಾಯರಲ್ಲದೆ 6 ಮಂದಿ ಸರಸ್ವತೀ ಭಾಂಡಾರಿಗರೂ ಇದ್ದರು. ಪುಸ್ತಕಗಳನ್ನು ಕಾಯುವವನಿಗೂ ಸಂಬಳ ಗೊತ್ತುಮಾಡಿದ ದಾನಿಗಳಿವರು. ಈ ಎರಡು ಶಾಸನಗಳ ಪರಿಚಯವಿದ್ದರೆ ಪಾಟಣದ ಶಾಸನದ ಏರ್ಪಾಡುಗಳಲ್ಲಿ ಯಾವುದು ಪರಂಪರಾಗತ, ಯಾವುದು ಹೊಸದು ಎಂಬುದು ಸುಲಭವಾಗಿ ತಿಳಿಯುವುದು.

ಸೇವುಣರ ಮೊದಲ ನೆಲೆ ನಾಸಿಕ ಜಿಲ್ಲೆಯ ಸಿನ್ನರ. ಐದನೆಯ ಭಿಲ್ಲಮನು ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ದೇವಗಿರಿಯನ್ನು ರಾಜಧಾನಿಯಾಗಿ ಮಾಡಿಕೊಂಡನು. ಅದೇ ಕಾಲದಲ್ಲಿ ಈ ಸೀಮೆಯ ಗಣಕವಂಶವೊಂದು ಕೀರ್ತಿಶಿಖರಕ್ಕೆ ಏರಿದ್ದಿತು. ಆ ವಂಶದ ಭಾಸ್ಕರಾಚಾರ್ಯನು ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ, ಹುಟ್ಟಿ, ತನ್ನ 36ನೆಯ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿಯನ್ನು ಬರೆದನು. ಲೀಲಾವತಿಯೂ ಬೀಜಗಣಿತವೂ ಅದರ ಅಂಗಗಳಾಗಿ ಎಣಿಸಲ್ಪಟ್ಟಿವೆ. ಅವನು ತನ್ನ ಊರನ್ನು ವಿಜ್ಜಡವಿಡವೆಂದೂ ಅದು ಸಹ್ಯಪರ್ವತದ ಸಮೀಪದಲ್ಲಿರುವುದೆಂದೂ ಹೇಳಿಕೊಂಡಿದ್ದಾನೆ. ಅದು ವಿಜಯಪುರವೇ ಎಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ, ಪಠ್ಯಪುಸ್ತಕಗಳಲ್ಲಿಯೂ ಕಾಣಿಸಿಕೊಂಡಿದೆ. ವಿಜಯಪುರದ ಬಯಲಿಗೂ ಸಹ್ಯಾದ್ರಿಗೂ ಇರುವ ಅಂತರವನ್ನು ನೆನೆದರೆ ಈ ನಂಬಿಕೆಯನ್ನು ಸಮರ್ಥಿಸುವುದು ಕಷ್ಟ. ಅವನ ಮನೆತನದ ಎರಡು ಶಾಸನಗಳೂ ಚಾಳೀಸಗಾಂವದ ಸುತ್ತಿನಲ್ಲಿಯೇ ದೊರೆತಿವೆ. ಒಂದು ಪಾಟಣದ್ದು, ಇನ್ನೊಂದು ಬಾಹಳದ ಕ್ರಿ.ಶ. 1222ರದು. ಕನ್ನಡಿಗರಿಗೆ ಪ್ರಿಯವಾದ ಹಕ್ಕೊಂದನ್ನು ಕನ್ನಡ ಸಂಘದ ಪತ್ರಿಕೆಯಲ್ಲಿಯೇ ಬಿಟ್ಟುಕೊಡುವುದು ಕೆಲವರಿಗೆ ರುಚಿಸದಿರಬಹುದು. ಪ್ರಮಾಣವು ಯಾವ ಕಡೆಗಿದೆಯೋ ಆ ಕಡೆಗೆ ನಡೆಯದೆ ವಿಧಿಯಿಲ್ಲ.

ಪಾಟಣದ ಶಾಸನವನ್ನು ವಿದ್ವಲ್ಲೋಕಕ್ಕೆ ಮೊದಲು ತಿಳಿಸಿದವರು ಮುಂಬಯಿಯ ವೈದ್ಯರೂ ಪ್ರಾಚ್ಯವಿದ್ವಾಂಸರೂ ಆಗಿದ್ದ ಡಾ. ಭಾವು ದಾಜಿ ಲಾಡರು. ಅದು 1865ರ ಸಂಗತಿ. ಮುಂದೆ ಕೀಲ್‌ಹಾರ್ನ್ ಪಂಡಿತನು ಎಪಿಗ್ರಾಫಿಯಾ ಇಂಡಿಕಾದ ಮೊದಲನೆಯ ಸಂಪುಟದಲ್ಲಿ ಅದನ್ನು ಸಂಪಾದಿಸಿದನು. ಶಾಂಡಿಲ್ಯ ಗೋತ್ರದ ತ್ರಿವಿಕ್ರಮನಿಂದ ಆರಂಭವಾಗುವ ವಂಶಾವಳಿಯು ಭಾಸ್ಕರಭಟ್ಟ, ಗೋವಿಂದ, ಪ್ರಭಾಕರ, ಮನೋರಥ, ಮಹೇಶ್ವರರನ್ನು ದಾಟಿ ಭಾಸ್ಕರಾಚಾರ್ಯನಿಗೆ ಬರುತ್ತದೆ. ಭಾಸ್ಕರಾಚಾರ್ಯನ ಮಗ ಲಕ್ಷ್ಮೀಧರನನ್ನು ಜೈತ್ರಪಾಲ ರಾಜನು ಇದೇ ಊರಿನಿಂದ ಕರೆಸಿಕೊಂಡು ಪಂಡಿತರಲ್ಲಿ ಅಗ್ರಗಣ್ಯನನ್ನಾಗಿ ಮಾಡಿದನು. ಲಕ್ಷ್ಮೀಧರನ ಮಗ ಚಾಂಗದೇವನು ಸಿಂಹಣನ ಆಸ್ಥಾನದ ಮುಖ್ಯ ಜ್ಯೋತಿಷಿ. ತನ್ನ ಅಜ್ಜನ ಗ್ರಂಥಗಳ ಪ್ರಸಾರಕ್ಕಾಗಿ ಮಠವನ್ನು ಸ್ಥಾಪಿಸಿದವನು ಇವನೇ. ಸಿದ್ಧಾಂತಶಿರೋಮಣಿಯೇ ಮೊದಲಾದ ಭಾಸ್ಕರನ ಕೃತಿಗಳನ್ನೂ ಅವನ ವಂಶಜರು ರಚಿಸಿದ ಇತರ ಗ್ರಂಥಗಳನ್ನೂ ಈ ಮಠದಲ್ಲಿ ತಪ್ಪದೆ ವ್ಯಾಖ್ಯಾನಿಸತಕ್ಕದ್ದೆಂದು ಶಾಸನವು ವಿಧಿಸುತ್ತದೆ. ಸಾಲೊಟಗಿಯಲ್ಲಿಯೂ ನಾಗಾವಿಯಲ್ಲಿಯೂ ಶಾಸ್ತ್ರಗಳ ಸಾಮಾನ್ಯ ಅಧ್ಯಯನವಿದ್ದರೆ, ಇಲ್ಲಿ ಒಬ್ಬ ಗ್ರಂಥಕಾರನ ಹೆಸರನ್ನು ಹಿಡಿದು ಪಾಠಕ್ರಮವನ್ನೇ ಕಲ್ಲಿನಲ್ಲಿ ಕಡೆದಿಟ್ಟಿದೆ. ಕಾಲ ಕಳೆದಂತೆ ಗಣಿತವೂ ಬೆಳೆಯುವುದೆಂಬ ಯೋಚನೆ ಚಾಂಗದೇವನಿಗೆ ಇದ್ದಿತೋ ಇಲ್ಲವೋ. ಅಜ್ಜನ ಮೇಲಣ ಅಭಿಮಾನವಂತೂ ಪರಿಪೂರ್ಣವಾಗಿದ್ದಿತು.

ದಾನವು ನಡೆದುದು ಪ್ರಭವ ಸಂವತ್ಸರದ ಶ್ರಾವಣ ಹುಣ್ಣಿಮೆಯಂದು, ಚಂದ್ರಗ್ರಹಣದ ಸಮಯದಲ್ಲಿ. ಇದನ್ನು ಕ್ರಿ.ಶ. 1207ರ ಆಗಸ್ಟ್ 9ಕ್ಕೆ ಸಮೀಕರಿಸಿದ್ದಾರೆ. ಗ್ರಹಣವನ್ನು ಮುಂದಾಗಿ ಎಣಿಸಬಲ್ಲವರ ಮಠಕ್ಕೆ ಗ್ರಹಣಕಾಲದಲ್ಲಿ ಧಾರೆಯೆರೆದದ್ದು ಬಹು ಉಚಿತವಾಗಿದೆ. ದಾನಿಯಾದ ನಿಕುಂಭ ವಂಶದ ಸೋಯಿದೇವನೂ ಅವನ ತಮ್ಮ ಹೇಮಾಡಿದೇವನೂ ಸಿಂಹಣನ ಸಾಮಂತರು. ಶಾಸನದ ಪೂರ್ವಭಾಗವು ಸಂಸ್ಕೃತದಲ್ಲಿದೆ. ದಾನದ ವಿವರಗಳಿಗೆ ಬರುತ್ತಲೇ ಭಾಷೆಯು ಮರಾಠಿಗೆ ತಿರುಗುತ್ತದೆ. ಮರಾಠಿಯ ಪ್ರಾಚೀನ ರೂಪವನ್ನು ಅಭ್ಯಸಿಸುವವರು ಈ ಕೆಲವು ಸಾಲುಗಳನ್ನು ಬಹುವಾಗಿ ಆಶ್ರಯಿಸುತ್ತಾರೆ. ವಂಶದ ಪ್ರಶಂಸೆಗೆ ಸಂಸ್ಕೃತ, ಗಾಣಿಗನೂ ಅಂಗಡಿಯವನೂ ತಿಳಿದು ನಡೆಯಬೇಕಾದ ಕಟ್ಟಳೆಗೆ ದೇಶಭಾಷೆ. ನಮ್ಮ ಕನ್ನಡ ಶಾಸನಗಳಲ್ಲಿಯೂ ಈ ವಿಭಾಗ ಪದೇ ಪದೇ ಕಾಣುವುದು.

ಆ ವಿವರಗಳನ್ನು ನಿಧಾನವಾಗಿ ನೋಡತಕ್ಕದ್ದಾಗಿದೆ. ಪಾಟಣದಲ್ಲಿ ಮಾರಾಟಕ್ಕೆ ತೆರೆದ ಸರಕಿನ ಮೇಲೆ ಕೊಳ್ಳುವವನಿಂದ ಅರಮನೆಗೆ ಸಲ್ಲುತ್ತಿದ್ದ ಆಯವನ್ನು ಮಠಕ್ಕೆ ಬಿಡಲಾಯಿತು. ಮಾರುವವನಿಂದ ತಮಗೆ ಬರತಕ್ಕ ಪಾಲನ್ನು ಬ್ರಾಹ್ಮಣರು ಬಿಟ್ಟುಕೊಟ್ಟರು. ನಗರದವರು ತಾವೂ ಒಂದು ಅಲ್ಪಾಂಶವನ್ನು ಕೊಡಲು ಒಪ್ಪಿದರು. ಕೊಳ್ಳುವವನಿಂದ 5 ಅಡಕೆ. ತಿರುಗುವ ಗಾಣ ಒಂದೊಂದಕ್ಕೂ ಒಂದೊಂದು ಪಳಿ ಎಣ್ಣೆ. ಕಡೆಗೆ ಒಂದು ವಿಶೇಷ ನಿಯಮ: ಊರಿನಲ್ಲಿ ಏನನ್ನು ಅಳೆದರೂ ಮಠದ ಅಳತೆಯ ಮಾಪಿನಿಂದಲೇ ಅಳೆಯತಕ್ಕದ್ದು, ಅಳೆಯುವ ಕೂಲಿಯಲ್ಲಿ ಅರ್ಧ ಮಠಕ್ಕೆ, ಅರ್ಧ ಅಳೆಯುವವನಿಗೆ.

ಈ ಕಡೆಯ ನಿಯಮವನ್ನು ಓದಿದಾಗಲೆಲ್ಲ ಲೀಲಾವತಿಯ ಆರಂಭ ನೆನಪಾಗುತ್ತದೆ. ಮಂಗಳಾಚರಣೆಯಾದೊಡನೆ ಆ ಗ್ರಂಥವು ಬರುವುದು ಪರಿಭಾಷೆಗೆ. ಕವಡೆಯಿಂದ ದ್ರಮ್ಮದವರೆಗೆ ನಾಣ್ಯ, ಗುಲಗಂಜಿಯಿಂದ ಮೇಲಕ್ಕೆ ತೂಕ, ಅಂಗುಲದಿಂದ ಯೋಜನದವರೆಗೆ ಉದ್ದ, ಧಾನ್ಯವನ್ನಳೆಯುವ ಖಾರಿ ಮೊದಲಾದುವು. ವಿದ್ಯಾರ್ಥಿಯು ಒಳಗೆ ಈ ಕೋಷ್ಟಕಗಳನ್ನು ಬಾಯಿಪಾಠ ಮಾಡುತ್ತಿದ್ದಾಗ ಊರಿನ ಪ್ರಮಾಣಬದ್ಧವಾದ ಮಾಪು ಅದೇ ಮಠದ ಸೊತ್ತಾಗಿದ್ದಿತು. ಸಂತೆಯಲ್ಲಿ ತಕರಾರು ಬಂದರೆ ನ್ಯಾಯವು ಗಣಿತದ ಪಾಠಶಾಲೆಯ ಮಾಪಿನ ಮೇಲೆ ನಿಲ್ಲಬೇಕಾಗಿದ್ದಿತು. ಮಠವು ಊರಿನ ಔದಾರ್ಯವನ್ನು ಮಾತ್ರ ನಂಬಿಕೊಂಡಿರದೆ ಊರಿಗೆ ನಿತ್ಯವೂ ಬೇಕಾದ ಒಂದು ಕೆಲಸವನ್ನು ತನ್ನದನ್ನಾಗಿ ಮಾಡಿಕೊಂಡಿದ್ದಿತೆಂದು ಇದರಿಂದ ಊಹಿಸಲು ಅವಕಾಶವಿದೆ. ಸಾಲೊಟಗಿಯ ದತ್ತಿಯು ಭೂಮಿಯನ್ನೂ ಶುಭಕಾರ್ಯಗಳನ್ನೂ ಆಶ್ರಯಿಸಿದರೆ ಪಾಟಣದ್ದು ವ್ಯಾಪಾರವನ್ನು ಆಶ್ರಯಿಸಿತು. ಎಣಿಕೆ ನಡೆಯುವ ಕಡೆಯಿಂದಲೇ ಎಣಿಕೆಯ ವಿದ್ಯೆಗೆ ಅನ್ನ.

ಇಷ್ಟಾದರೂ ಆ ಮಠ ಉಳಿಯಲಿಲ್ಲ. ವ್ಯಾಪಾರವನ್ನೇ ನೆಚ್ಚಿದ ದತ್ತಿಯು ವ್ಯಾಪಾರವಿರುವ ತನಕ ಮಾತ್ರ ಬದುಕಬಲ್ಲುದು. ಪಾಟಣವು ಹಾಳಾಯಿತು, ಗಾಣಗಳು ನಿಂತವು. 1318ರ ಹೊತ್ತಿಗೆ ಸೇವುಣರ ರಾಜ್ಯವೂ ದಿಲ್ಲಿಯ ಸುಲ್ತಾನರ ಕೈಸೇರಿ ಮುಗಿದಿದ್ದಿತು. ಆದರೂ ಲೀಲಾವತಿ ನಷ್ಟವಾಗಲಿಲ್ಲವೆಂಬುದನ್ನು ಮರೆಯತಕ್ಕದ್ದಲ್ಲ. ಕೊಂಕಣದ ನಂದಿಗ್ರಾಮದ ಗಣೇಶ ದೈವಜ್ಞನು 1545ರಲ್ಲಿ ಅದಕ್ಕೆ ಬುದ್ಧಿವಿಲಾಸಿನಿಯೆಂಬ ಟೀಕೆಯನ್ನು ಬರೆದನು. ಗೋದಾವರಿಯ ದಡದ ಗೋಲಗ್ರಾಮದ ಜ್ಯೋತಿಷಿಗಳ ಮನೆತನವು ಕಾಶಿಗೆ ಹೋಗಿ ನೆಲೆಸಿ, ಅಲ್ಲಿ ಆ ಮನೆತನದ ನೃಸಿಂಹನು 1621ರಲ್ಲಿ ಸಿದ್ಧಾಂತಶಿರೋಮಣಿಗೆ ವಾಸನಾವಾರ್ತಿಕವನ್ನು ರಚಿಸಿದನು. ಅಕ್ಬರನ ಆಸ್ಥಾನದ ಫೈಜಿಯು 1587ರಲ್ಲಿ ಲೀಲಾವತಿಯನ್ನು ಪಾರಸಿಗೆ ತಂದನು. ಇಂಗ್ಲಿಷಿಗೆ 1816ರಲ್ಲಿ ಮುಂಬಯಿಯಿಂದ ಜಾನ್ ಟೇಲರನೂ ಮರುವರ್ಷವೇ ಕೋಲ್‌ಬ್ರೂಕನೂ ತಂದರು. ಕಟ್ಟಡ ಬಿದ್ದ ಮೇಲೆಯೂ ವಿದ್ಯೆಯನ್ನು ನಡೆಸಿಕೊಂಡು ಬಂದವರು ಕಲಿತು, ನಕಲು ಮಾಡಿ, ಊರಿಂದೂರಿಗೆ ಹೊತ್ತೊಯ್ದ ಗುರುಶಿಷ್ಯರು.

ಜನಸಾಮಾನ್ಯರ ಮಕ್ಕಳಿಗೆ ಈ ಶಾಸ್ತ್ರವು ತಲಪಿದುದು ಬೇರೊಂದು ರೂಪದಲ್ಲಿ. ಮರಾಠಿಯ ಪಂತೋಜಿಯ ಜಗಲಿಯಲ್ಲಿಯೂ ಕನ್ನಡದ ಗಾಂವಠಿ ಶಾಲೆಯಲ್ಲಿಯೂ ಮಗ್ಗಿಯೇ ಪ್ರಧಾನ. ಮರಾಠಿಯಲ್ಲಿ ಪಾವಕಿ, ನಿಮಕಿ, ಪಾವಣಕಿ, ಸವಾಯಕಿ, ದಿಡಕಿ. ಕನ್ನಡದಲ್ಲಿ ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ. ಭಾಷೆ ಎರಡಾದರೂ ಕ್ರಮ ಒಂದೇ. 1820ರ ದಶಕದಲ್ಲಿ ಕ್ಯಾಪ್ಟನ್ ಜಾರ್ಜ್ ಜರ್ವಿಸನು ಮುಂಬಯಿಯ ಶಾಲೆಗಳಿಗಾಗಿ ಗಣಿತಪುಸ್ತಕಗಳನ್ನು ಮರಾಠಿಯಲ್ಲಿ ಸಿದ್ಧಪಡಿಸಿದನು. ನಾಸಿಕದ ಹುಡುಗನಿಗೆ ಅದರಿಂದ ಅನುಕೂಲವಾಯಿತು. ಧಾರವಾಡದ ಹುಡುಗನಿಗೂ ಮರಾಠಿಯ ಶಾಲೆಯೇ ಗತಿಯಾದುದು ಬೇರೆ ಮಾತು. ಡೆಪ್ಯುಟಿ ಚೆನ್ನಬಸಪ್ಪನವರ ಕಾಲದವರೆಗೆ ಆ ಕಷ್ಟ ತಪ್ಪಲಿಲ್ಲ. ನಿಜಾಮನ ರಾಜ್ಯದಲ್ಲಿ ಔರಂಗಾಬಾದು, ಕಲಬುರಗಿ, ಬೀದರ, ರಾಯಚೂರುಗಳು 1956ರವರೆಗೆ ಒಂದೇ ಆಡಳಿತದ ಜಿಲ್ಲೆಗಳಾಗಿದ್ದು, ಮರಾಠಿಯ ಮನೆಯ ಮಕ್ಕಳಿಗೂ ಕನ್ನಡದ ಮನೆಯ ಮಕ್ಕಳಿಗೂ ಮೇಲಣ ತರಗತಿಗಳ ಗಣಿತವು ಉರ್ದುವಿನಲ್ಲಿ ದೊರೆಯುತ್ತಿದ್ದಿತು. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ 1917ರಲ್ಲಿ ಸ್ಥಾಪಿತವಾದ ಭಾಷಾಂತರ ಕಾರ್ಯಾಲಯವು ವಿಜ್ಞಾನದ ಪರಿಭಾಷೆಯನ್ನು ಉರ್ದುವಿನಲ್ಲಿ ನಿರ್ಮಿಸಿದುದು ದೊಡ್ಡ ಸಾಹಸ. ದೇಶಭಾಷೆಯೊಂದರಲ್ಲಿ ಉನ್ನತ ಗಣಿತವನ್ನು ಕಲಿಸಬಹುದೆಂದು ಅದು ತೋರಿಸಿಕೊಟ್ಟಿತು. ಕಲಿಯುವವರಲ್ಲಿ ಬಹುಮಂದಿಗೆ ಅದು ಮನೆಯ ಭಾಷೆಯಾಗಿರಲಿಲ್ಲವೆಂಬುದೂ ಅಷ್ಟೇ ಸತ್ಯ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಬಂದ ಮೇಲೆ ಭಿನ್ನರಾಶಿಯ ಮಗ್ಗಿಗಳು ಎರಡೂ ಭಾಷೆಗಳಲ್ಲಿ ಮೆಲ್ಲಗೆ ಮರೆಯಾದವು.

ವಿದ್ಯುದ್ಗಣಕವು ಭಾರತದ ಶಾಲೆಗಳನ್ನು ವ್ಯವಸ್ಥಿತವಾಗಿ ಪ್ರವೇಶಿಸಿದುದು 1984ರಲ್ಲಿ ಆರಂಭವಾದ ಕ್ಲಾಸ್ ಯೋಜನೆಯ ಮೂಲಕ. ಕೇಂದ್ರದ ವಿದ್ಯುನ್ಮಾನ ಇಲಾಖೆಯೂ ಶಿಕ್ಷಣ ಮಂತ್ರಾಲಯವೂ ಸೇರಿ ಮೊದಲಿಗೆ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಯಂತ್ರವನ್ನು ಒದಗಿಸಿದವು. ಬ್ರಿಟನ್ನಿನ ದೂರದರ್ಶನ ಪಾಠಮಾಲೆಗೆಂದು ಏಕಾರ್ನ್ ಸಂಸ್ಥೆಯು ನಿರ್ಮಿಸಿದ ಯಂತ್ರವದು. ಕೀಲಿಮಣೆ ಇಂಗ್ಲಿಷಿನದು, ಪಾಠದ ಕ್ರಮವಿಧಿಗಳೂ ಇಂಗ್ಲಿಷಿನವು. ಇದ್ದ ಉಪಾಧ್ಯಾಯರಿಗೆ ಕೆಲವೇ ವಾರಗಳ ತರಬೇತಿ ಕೊಟ್ಟು ಹೊಸ ವಿದ್ಯೆಯನ್ನು ಅವರಿಗೆ ವಹಿಸಲಾಯಿತು. ಪರೀಕ್ಷೆಗೆ ಬಾರದ ವಿಷಯವಾದುದರಿಂದ ವೇಳಾಪಟ್ಟಿಯಲ್ಲಿ ಅದರ ಸ್ಥಾನ ಯಾವಾಗಲೂ ಅನಿಶ್ಚಿತ. ಯೋಜನೆಯು ಸಾವಿರಾರು ಶಾಲೆಗಳಿಗೆ ಹಬ್ಬಿತಾದರೂ ಯಂತ್ರದ ಎಣಿಕೆ ಬೆಳೆದಂತೆ ಗುರುವಿನ ಸಿದ್ಧತೆ ಬೆಳೆಯಲಿಲ್ಲವೆಂಬ ಆಕ್ಷೇಪವು ಅಂದಿನಿಂದಲೇ ಆರಂಭವಾಯಿತು.

ದೇಶಭಾಷೆಯ ಅಕ್ಷರಗಳು ತೆರೆಯ ಮೇಲೆ ಮೂಡುವುದಕ್ಕೆ ಬೇಕಾದ ಜಿಸ್ಟ್ ತಂತ್ರವು ಕಾನಪುರದ ಐಐಟಿಯಲ್ಲಿ ಹುಟ್ಟಿ, 1988ರಲ್ಲಿ ಸ್ಥಾಪಿತವಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆಯಿತು. 1986ರಲ್ಲಿ ರೂಪುಗೊಂಡ ಇನ್‌ಸ್ಕ್ರಿಪ್ಟ್ ಕೀಲಿಮಣೆಯ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ಭಾರತೀಯ ಲಿಪಿಗಳಿಗೆಲ್ಲ ವರ್ಣಮಾಲೆ ಬಹುಮಟ್ಟಿಗೆ ಸಮಾನವಾಗಿರುವುದರಿಂದ ದೇವನಾಗರಿಯ ಕಕಾರವಿರುವ ಕೀಲಿಯಲ್ಲಿಯೇ ಕನ್ನಡದ ಕಕಾರವೂ ಇರುವುದು. ನಾಸಿಕದಲ್ಲಿ ಮರಾಠಿಯ ಬೆರಳಚ್ಚನ್ನು ಕಲಿತ ಹುಡುಗಿಯ ಬೆರಳುಗಳು ಕಲಬುರಗಿಯ ಕನ್ನಡಕ್ಕೂ ಸಿದ್ಧವಾಗಿರುತ್ತವೆ. ಕನ್ನಡಿಗರು ಇದನ್ನು ಬಿಟ್ಟು ಕೆ. ಪಿ. ರಾಯರ ವಿನ್ಯಾಸವನ್ನು ಹೆಚ್ಚಾಗಿ ಒಲಿದರು. ಅದರ ಸೌಲಭ್ಯ ನಿರ್ವಿವಾದ. ನೆರೆಯ ಭಾಷೆಯೊಡನೆ ಬೆರಳುಗಳಿಗಿದ್ದ ಈ ನೆಂಟಸ್ತಿಕೆ ಮಾತ್ರ ಬಳಕೆಗೆ ಬಾರದೆ ಹೋಯಿತು.

ನಾಸಿಕದಲ್ಲಿ 1989ರಲ್ಲಿ ಸ್ಥಾಪಿತವಾದ ಯಶವಂತರಾವ ಚವ್ಹಾಣ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯವು ದೂರಶಿಕ್ಷಣವನ್ನು ಮರಾಠಿಯಲ್ಲಿ ಹಳ್ಳಿಗಳವರೆಗೆ ಒಯ್ದಿತು. ಸಂಭಾಜಿನಗರದಲ್ಲಿ ಕೇಂದ್ರ ಸರ್ಕಾರದ ವಿದ್ಯುನ್ಮಾನ ತರಬೇತಿ ಕೇಂದ್ರವೊಂದು ವಿಶ್ವವಿದ್ಯಾಲಯದ ಆವರಣದಲ್ಲಿ ನೆಲೆಗೊಂಡಿತು. 2001ರಲ್ಲಿ ಮಹಾರಾಷ್ಟ್ರ ಜ್ಞಾನ ಮಂಡಳವು ಹುಟ್ಟಿ ಎಂಎಸ್-ಸಿಐಟಿ ಎಂಬ ಪಾಠಕ್ರಮವನ್ನು ಹೊರಡಿಸಿದ ಮೇಲೆ, ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ ಮಕ್ಕಳು ಬೇಸಗೆಯ ರಜೆಯಲ್ಲಿ ಆ ಪ್ರಮಾಣಪತ್ರವನ್ನು ಸಂಪಾದಿಸುವುದು ರೂಢಿಯಾಯಿತು. ಸರ್ಕಾರಿ ನೌಕರಿಗೆ ಅದು ಅರ್ಹತೆಯಾದುದರಿಂದ ಬೇಡಿಕೆಯೂ ಉಂಟಾಯಿತು. ಶಾಲೆಯು ಮಾಡಲಾರದ ಕೆಲಸವನ್ನು ಬೀದಿಯ ಕೇಂದ್ರಗಳು ಶುಲ್ಕ ತೆಗೆದುಕೊಂಡು ಮಾಡಿದವು. ಶುಲ್ಕ ಕೊಡಲಾರದವನ ಪಾಡು ಶಾಲೆಗೇ ಉಳಿಯಿತು.

ಆ ಶಾಲೆಗಾಗಿ ಕೇಂದ್ರವು 2004ರ ಡಿಸೆಂಬರಿನಲ್ಲಿ ಶಾಲೆಗಳಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವೆಂಬ ಯೋಜನೆಯನ್ನು ಆರಂಭಿಸಿ 2010ರಲ್ಲಿ ಪರಿಷ್ಕರಿಸಿತು. ಹಲವು ರಾಜ್ಯಗಳಲ್ಲಿ ಇದನ್ನು ನಡೆಸಿದ ಬಗೆ ಹೀಗೆ: ಖಾಸಗಿ ಸಂಸ್ಥೆಯೊಂದು ಯಂತ್ರಗಳನ್ನು ಕೂಡಿಸಿ, ತನ್ನದೇ ಬೋಧಕನನ್ನು ನೇಮಿಸಿ, 5 ವರ್ಷ ನಡೆಸಿ, ಬಳಿಕ ಯಂತ್ರಗಳನ್ನು ಶಾಲೆಗೆ ಒಪ್ಪಿಸುವುದು. ಒಪ್ಪಿಸುವ ವೇಳೆಗೆ ಯಂತ್ರಕ್ಕೆ 5 ವರ್ಷದ ಮುಪ್ಪು; ಬೋಧಕನಿಗೆ ಕೆಲಸವಿಲ್ಲ. 2018ರಿಂದ ಸಮಗ್ರ ಶಿಕ್ಷಾ ಎಂಬ ಹೆಸರಿನಲ್ಲಿ ನಡೆದ ಯೋಜನೆಯಲ್ಲಿಯೂ ಶಾಲೆಯೊಂದಕ್ಕೆ ಒಮ್ಮೆಗೆ 6.40 ಲಕ್ಷ ರೂಪಾಯಿ, ಆಮೇಲೆ ವರ್ಷಕ್ಕೆ 2.40 ಲಕ್ಷದಂತೆ 5 ವರ್ಷ ಎಂಬ ಗಡುವೇ ಉಳಿಯಿತು. ಕರ್ನಾಟಕವು ಕೇಂದ್ರಕ್ಕಿಂತ ಮುಂಚೆಯೇ, 2001-02ರಲ್ಲಿ, ಮಾಹಿತಿ ಸಿಂಧು ಯೋಜನೆಯಿಂದ 1000 ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕವನ್ನು ತಲಪಿಸಿದ್ದು ಶ್ಲಾಘ್ಯ. ಅದೂ ಗುತ್ತಿಗೆಯ ಸಂಸ್ಥೆಗಳ ಮೂಲಕವೇ ನಡೆದು ಗುತ್ತಿಗೆಯೊಡನೆಯೇ ಮುಗಿಯಿತು. ದೇಶದ ಶಾಲೆಗಳ ಪೈಕಿ ಕೆಲಸ ಮಾಡುವ ಗಣಕವಿದ್ದವು 2023-24ರ ಸರ್ಕಾರಿ ಗಣತಿಯಂತೆ ಶೇಕಡಾ 57.2, ಅಂತರ್ಜಾಲವಿದ್ದವು 53.9. ಕೆಲಸ ಮಾಡುವ ಎಂಬ ವಿಶೇಷಣವನ್ನು ಗಣತಿಯೇ ಸೇರಿಸಿಕೊಳ್ಳಬೇಕಾಗಿ ಬಂದುದು ಗಮನಾರ್ಹ. ಸೋಯಿದೇವನ ಶಾಸನದಲ್ಲಿ ಗಡುವಿಲ್ಲ. ಆ ಕಾಲದ ದತ್ತಿಗಳೆಲ್ಲ ಸೂರ್ಯಚಂದ್ರರಿರುವವರೆಗೆ ಎಂಬ ಭಾವನೆಯಿಂದ ಬರೆದವು. ಅದನ್ನು ಅತಿಶಯೋಕ್ತಿಯೆಂದು ನಾವು ನಕ್ಕುಬಿಡುತ್ತೇವೆ. ಕಲಿಸುವವನು 5 ವರ್ಷಕ್ಕೆ ಸಾಕೆಂದು ಬರೆದುದಕ್ಕೆ ಯಾವ ಅಲಂಕಾರದ ಹೆಸರು ಕೊಡಬೇಕೋ ತಿಳಿಯದು.

ಬೇರೆ ದಾರಿಯೊಂದು ಇಲ್ಲದಿರಲಿಲ್ಲವೆಂಬುದಕ್ಕೆ ಕಾಸರಗೋಡಿನ ಕನ್ನಡ ಶಾಲೆಗಳನ್ನು ನೋಡಬೇಕು. ಕೇರಳವು 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯನ್ನು ಆರಂಭಿಸಿ, ಗಣಕಕ್ಕೆಂದು ಗುತ್ತಿಗೆಯ ಬೋಧಕರನ್ನು ತರುವ ಬದಲು ಗಣಿತ, ವಿಜ್ಞಾನ, ಭಾಷೆಗಳನ್ನು ಕಲಿಸುತ್ತಿದ್ದ ಖಾಯಂ ಉಪಾಧ್ಯಾಯರನ್ನೇ ಸಿದ್ಧಪಡಿಸಿತು. ಅವರಲ್ಲಿ ನುರಿತವರು ಮಿಕ್ಕವರಿಗೆ ತರಬೇತುದಾರರಾದರು. 2005ರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಆ ವಿಷಯವು ಸ್ಥಾನ ಪಡೆಯಿತು. ಪರವಾನಗಿಯ ಶುಲ್ಕವಿಲ್ಲದ ಸ್ವತಂತ್ರ ತಂತ್ರಾಂಶವನ್ನು ಶಾಲೆಗಳು ಅಳವಡಿಸಿಕೊಂಡವು. 2017ರಲ್ಲಿ ಯೋಜನೆಯು ಕೈಟ್ ಎಂಬ ಸಂಸ್ಥೆಯಾಗಿ ಮಾರ್ಪಟ್ಟಿತು; ಮರುವರ್ಷ ಲಿಟ್ಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಕೂಟಗಳೂ ಏರ್ಪಟ್ಟವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಷಯದ ಪಠ್ಯಪುಸ್ತಕವು ಕನ್ನಡದಲ್ಲಿಯೇ ದೊರೆಯುತ್ತದೆ. ಆ ಪ್ರದೇಶದ ಭಾಷಾವಿವಾದದ ಬಗ್ಗೆ ಕನ್ನಡಿಗರ ಭಾವನೆ ಏನೇ ಇರಲಿ, ಕನ್ನಡದಲ್ಲಿ ಗಣಕವಿದ್ಯೆಯನ್ನು ಪ್ರೌಢಶಾಲೆಯ ಪರೀಕ್ಷಾವಿಷಯವಾಗಿ ನೆಲೆಗೊಳಿಸಿದ ಕೆಲಸವು ಕರ್ನಾಟಕದ ಹೊರಗೆ ಇಷ್ಟು ಹಿಂದೆಯೇ ನಡೆದುದನ್ನು ನಾವು ಒಪ್ಪಿಕೊಳ್ಳಬೇಕು. ಕರ್ನಾಟಕವೂ 2016-17ರಿಂದ ತಂತ್ರಜ್ಞಾನ ಬೆಂಬಲಿತ ಕಲಿಕೆಯ ಕಾರ್ಯಕ್ರಮದಲ್ಲಿ ತನ್ನ ಖಾಯಂ ಉಪಾಧ್ಯಾಯರ ತರಬೇತಿಗೆ ಕೈಹಾಕಿತು. ಮಾಹಿತಿ ಸಿಂಧುವಿನಿಂದ ಅಲ್ಲಿಗೆ ಬರಲು 15 ವರ್ಷಗಳು ಹಿಡಿದವು. ಆ ಅವಧಿಯಲ್ಲಿ ಪ್ರೌಢಶಾಲೆಯನ್ನು ದಾಟಿಹೋದ ಮಕ್ಕಳಿಗೆ ಅದರಿಂದ ಏನೂ ದೊರೆಯಲಿಲ್ಲ.

ಪಾಟಣದ ಶಾಸನದಲ್ಲಿ ಇನ್ನೂ ಕೆಲಸ ಉಳಿದಿದೆ. ಅದರ ಮರಾಠಿ ಭಾಗದ ಆಸು, ಗಿಧವೆ ಮೊದಲಾದ ಪದಗಳ ಅರ್ಥವು ವಿದ್ವಾಂಸರಲ್ಲಿ ಚರ್ಚೆಯ ವಿಷಯವಾಗಿಯೇ ಇದೆ. ಅದೇ ಶತಮಾನದ ಕನ್ನಡ ಶಾಸನಗಳಲ್ಲಿ ಗಾಣಕ್ಕೆ ಸೊಲ್ಲಗೆ ಎಣ್ಣೆ, ಹೇರಿಗೆ ಇಷ್ಟು ಅಡಕೆ, ಇಷ್ಟು ಎಲೆ ಎಂಬ ಸುಂಕದ ಪಟ್ಟಿಗಳು ಹೇರಳವಾಗಿವೆ. ಒಂದೇ ಸೇವುಣ ಪ್ರಭುತ್ವದಲ್ಲಿ ನಡೆದ ಎರಡು ಭಾಷೆಗಳ ಈ ಪಟ್ಟಿಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ಕೆಲವು ಪದಗಳಾದರೂ ಬಿಡಿಸಿಕೊಳ್ಳಬಹುದು. ಶಾಸನ, ಸ್ಥಳ, ಶಕವರ್ಷ, ಸರಕು, ಮಾಪು, ಪ್ರಮಾಣ ಎಂದು ಕೋಷ್ಟಕಗಳಲ್ಲಿ ತುಂಬುವ ಕೆಲಸ ಅದು. ಪ್ರೌಢಶಾಲೆಯ ಮಕ್ಕಳಿಗೆ ಗಣಕದ ಅವಧಿಯಲ್ಲಿ ಕೋಷ್ಟಕವನ್ನು ತುಂಬಲು ಕಲಿಸುವಾಗ ಕಲ್ಪಿತ ಅಂಗಡಿಯ ಕಲ್ಪಿತ ಬೆಲೆಗಳನ್ನು ಕೊಡುವುದು ರೂಢಿ. ಅದಕ್ಕೆ ಬದಲಾಗಿ ತಮ್ಮ ತಾಲೂಕಿನ ಶಾಸನಗಳ ಸುಂಕವನ್ನೇ ಕೊಡಬಹುದು. ಸಂಘವು ಒಂದೆರಡು ಶಾಲೆಗಳೊಡನೆ ಇದನ್ನು ಆರಂಭಿಸುವುದಾದರೆ ಇಂಡಿ ತಾಲೂಕು ಮೊದಲಿಗೆ ತಕ್ಕದ್ದೆಂದು ತೋರುತ್ತದೆ. ಸಾಲೊಟಗಿ ಇರುವುದು ಅಲ್ಲಿಯೇ.